ಹುಲ್ಲು ಮೇಯ್ದ ದೈತ್ಯರು, ಕಬ್ಬು ಬೆಳೆಯುವ ನಾಡು

ಮಂಡ್ಯ ಸೀಮೆಯ ಬಂಡೆಗಳಲ್ಲಿ ಡೈನೊಸಾರ್‌ಗಳ ಮೂಳೆ ಸಿಗುವುದಿಲ್ಲ. ಈ ಮಾತನ್ನು ಆರಂಭದಲ್ಲಿಯೇ ಹೇಳಿಬಿಡುವುದು ಲೇಸು. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹೊಲಗದ್ದೆಗಳ ಅಡಿಯಲ್ಲಿ ಹಾಸಿಕೊಂಡಿರುವುದು ಬಹುಪಾಲು ನೈಸ್ ಶಿಲೆ. ಅದರ ವಯಸ್ಸು ಮುನ್ನೂರು ಕೋಟಿ ವರ್ಷಗಳ ಆಸುಪಾಸು. ಮದ್ದೂರು ದಾಟಿ ಪೂರ್ವಕ್ಕೆ ಚನ್ನಪಟ್ಟಣ, ರಾಮನಗರಗಳ ಕಡೆ ಹೋದರೆ ಎದುರಾಗುವ ಬಂಡೆಬೆಟ್ಟಗಳು ಕ್ಲೋಸ್‌ಪೇಟೆ ಗ್ರಾನೈಟಿನವು. ಅವಕ್ಕೂ ಸುಮಾರು 250 ಕೋಟಿ ವರ್ಷ ವಯಸ್ಸಾಗಿದೆ. ಡೈನೊಸಾರ್‌ಗಳು ಭೂಮಿಯ ಮೇಲೆ ಕಾಣಿಸಿಕೊಂಡದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ದೈತ್ಯ ಡೈನೊಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ. ಅವು ಹುಟ್ಟುವ ಹೊತ್ತಿಗೇ ನಮ್ಮ ಕಲ್ಲುಗಳು ಮುದಿಯಾಗಿದ್ದವು. ಮೂಳೆ ಉಳಿಯಬೇಕಾದರೆ ಅದರ ಮೇಲೆ ಮರಳು, ಕೆಸರು ಪದರಪದರವಾಗಿ ಕೂತು ಕಲ್ಲಾಗಬೇಕು. ಆ ಕಾಲದ ಅಂಥ ಪದರಗಳು ನಮ್ಮ ಸೀಮೆಯಲ್ಲಿ ಇಲ್ಲ. ಆ ಪ್ರಾಣಿಗಳು ಇಲ್ಲಿ ಓಡಾಡಿರಲಿಕ್ಕಿಲ್ಲ ಎಂದು ಇದರಿಂದ ಹೇಳಲಾಗದು. ಓಡಾಡಿದ್ದರೂ ಅದಕ್ಕೆ ಸಾಕ್ಷಿ ಉಳಿದಿಲ್ಲ, ಅಷ್ಟೆ.

ನಿವೃತ್ತಿಯ ನಂತರ ಮಳವಳ್ಳಿ ತಾಲ್ಲೂಕಿನ ಶಾಲೆಯೊಂದರ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋಗಿದ್ದೆ. ಮಕ್ಕಳು ಡೈನೊಸಾರ್‌ಗಳ ದೊಡ್ಡ ಚಿತ್ರಪಟ ಮಾಡಿದ್ದರು. ಟೈರನೊಸಾರಸ್, ಟ್ರೈಸೆರಾಟಾಪ್ಸ್, ಸ್ಟೆಗೊಸಾರಸ್ ಎಂಬ ಹೆಸರುಗಳನ್ನು ಒಂದು ಅಕ್ಷರ ತಪ್ಪದೆ ಹೇಳಿದರು. ಅವೆಲ್ಲ ಅಮೆರಿಕದ ನೆಲದಲ್ಲಿ ಸಿಕ್ಕವು. ಭಾರತದ ಒಂದು ಹೆಸರೂ ಆ ಪಟದಲ್ಲಿ ಇರಲಿಲ್ಲ. ಅಷ್ಟು ದೊಡ್ಡ ಪ್ರಾಣಿ ಬರೀ ಸೊಪ್ಪು ತಿಂದು ಹೇಗೆ ಬದುಕಿತು ಎಂದು ಕೇಳಿದಾಗ ಯಾರಿಂದಲೂ ಉತ್ತರ ಬರಲಿಲ್ಲ. ಆ ಮಕ್ಕಳಲ್ಲಿ ಅನೇಕರು ಬೆಳಿಗ್ಗೆ ದನಕ್ಕೆ ಮೇವು ಹಾಕಿಯೇ ಶಾಲೆಗೆ ಬಂದವರು. ಉತ್ತರ ಅವರ ಕೊಟ್ಟಿಗೆಯಲ್ಲಿಯೇ ಇತ್ತು. ಅದನ್ನು ಅಲ್ಲಿಂದ ತೆಗೆದು ತೋರಿಸುವ ಕೆಲಸವನ್ನು ನಮ್ಮ ಶಿಕ್ಷಣ ಮಾಡಿಲ್ಲ ಎಂಬುದು ನನ್ನ ಅಭಿಪ್ರಾಯ.

ನಾನು ವಿಜ್ಞಾನಿಯಲ್ಲ. ಅರ್ಥಶಾಸ್ತ್ರ ಓದಿ ಸರ್ಕಾರಿ ನೌಕರಿ ಮಾಡಿದವನು. ಮಂಡ್ಯ ಉಪವಿಭಾಗದಲ್ಲಿ, ಅಂದರೆ ಈ ಮೂರೂ ತಾಲ್ಲೂಕುಗಳಲ್ಲಿ, ಕೆಲವು ವರ್ಷ ಕಂದಾಯದ ಕೆಲಸ ನೋಡಿದವನು. ಆ ಕಾರಣದಿಂದಲೇ ಇರಬೇಕು, ಸಸ್ಯಾಹಾರಿ ಡೈನೊಸಾರ್‌ಗಳ ದೇಹರಚನೆ ನನಗೆ ಒಂದು ಜಮಾಖರ್ಚಿನ ಪುಸ್ತಕದಂತೆ ಕಾಣುತ್ತದೆ. ಮಾಂಸಾಹಾರಿಗೆ ಆಹಾರ ಹುಡುಕುವುದು ಕಷ್ಟ. ಸಿಕ್ಕ ಮೇಲೆ ಅರಗಿಸುವುದು ಸುಲಭ. ಸಸ್ಯಾಹಾರಿಯ ಪಾಡು ಇದಕ್ಕೆ ತದ್ವಿರುದ್ಧ. ಎಲೆ, ಹುಲ್ಲು ಕಣ್ಣೆದುರೇ ಬೇಕಾದಷ್ಟು ಇವೆ. ಆದರೆ ಅವುಗಳಲ್ಲಿರುವ ಸತ್ವ ಕಡಿಮೆ, ಇರುವ ಸತ್ವವೂ ಸೆಲ್ಯುಲೋಸ್ ಎಂಬ ಗಟ್ಟಿ ನಾರಿನ ಗೋಡೆಗಳೊಳಗೆ ಬಂದಿಯಾಗಿರುತ್ತದೆ. ಆ ನಾರನ್ನು ಒಡೆಯುವ ಶಕ್ತಿ ಹಸುವಿಗೂ ಇಲ್ಲ, ಆನೆಗೂ ಇಲ್ಲ. ಹೊಟ್ಟೆಯೊಳಗೆ ಮನೆ ಮಾಡಿಕೊಂಡ ಸೂಕ್ಷ್ಮಜೀವಿಗಳು ಆ ಕೆಲಸ ಮಾಡಿಕೊಡಬೇಕು. ಅವು ನಿಧಾನದ ಕೆಲಸಗಾರರು. ಅವಕ್ಕೆ ಜಾಗ ಬೇಕು, ಬಿಸಿ ಬೇಕು, ಸಮಯ ಬೇಕು. ಸಸ್ಯಾಹಾರಿ ಪ್ರಾಣಿಯ ಬಹುತೇಕ ಲಕ್ಷಣಗಳು ಈ ಒಂದು ಸಮಸ್ಯೆಗೆ ಕಂಡುಕೊಂಡ ಪರಿಹಾರಗಳು.

ಬಂಡೂರು ಕುರಿ ಎಂದು ಹೆಸರಾದ ತಳಿಯ ತವರು ಮಳವಳ್ಳಿ ತಾಲ್ಲೂಕಿನ ಬಂಡೂರು. ಆ ಕಡೆ ಪ್ರವಾಸ ಹೋದಾಗ ವಯಸ್ಸಾದ ಕುರಿಗಾಹಿಯೊಬ್ಬರು ನನಗೆ ಮೆಲುಕು ಹಾಕುವುದರ ಅರ್ಥವನ್ನು ಎರಡೇ ಮಾತಿನಲ್ಲಿ ಹೇಳಿದ್ದರು: ‘ಮೊದ್ಲು ತುಂಬ್ಕತವೆ ಸ್ವಾಮಿ, ಆಮೇಕೆ ಕುಂತ್ಕಂಡು ಲೆಕ್ಕ ನೋಡ್ತವೆ.’ ಪಠ್ಯಪುಸ್ತಕ ಇದಕ್ಕಿಂತ ಚೆನ್ನಾಗಿ ಹೇಳಲಾರದು. ಹಸು, ಕುರಿ, ಮೇಕೆಗಳು ಆತುರದಲ್ಲಿ ತಿಂದದ್ದನ್ನು ಮೊದಲ ಹೊಟ್ಟೆಯಲ್ಲಿ ನೆನೆಹಾಕಿ, ಮತ್ತೆ ಬಾಯಿಗೆ ತಂದು ನುಣ್ಣಗೆ ಅರೆಯುತ್ತವೆ. ಆನೆಯ ದಾರಿ ಬೇರೆ. ಅದು ದಿನಕ್ಕೆ ಸುಮಾರು 150 ಕಿಲೊ ಮೇವು ತಿನ್ನುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅರಗದೆ ಲದ್ದಿಯಾಗಿ ಹೊರಬೀಳುತ್ತದೆ. ಮುತ್ತತ್ತಿ ಕಾಡಿನ ಅಂಚಿನ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಳೆಹಾನಿಯ ಅರ್ಜಿ ಹಿಡಿದು ಬಂದ ಎಷ್ಟೋ ಮಂದಿಯನ್ನು ನಾನು ಕಂಡಿದ್ದೇನೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ಗಾದೆ ಬರೀ ಮಾತಿಗೆ ಹುಟ್ಟಿದ್ದಲ್ಲ.

ಹೀಗೆ ಹೊಲದಲ್ಲಿ ಎರಡು ದಾರಿಗಳು ಕಾಣುತ್ತವೆ: ಚೆನ್ನಾಗಿ ಅರೆದು ತಿನ್ನುವುದು ಒಂದು, ಅರೆಯುವ ಗೋಜು ಕಡಿಮೆ ಮಾಡಿ ಹೆಚ್ಚು ತಿನ್ನುವುದು ಇನ್ನೊಂದು. ಸಸ್ಯಾಹಾರಿ ಡೈನೊಸಾರ್‌ಗಳೂ ಈ ಎರಡು ದಾರಿಗಳನ್ನೇ ಹಿಡಿದವು, ಮತ್ತು ಎರಡನ್ನೂ ಅವುಗಳ ತುತ್ತತುದಿಯವರೆಗೆ ಕೊಂಡೊಯ್ದವು.

ಹೆಚ್ಚು ತಿನ್ನುವ ದಾರಿ ಹಿಡಿದವು ಸಾರೊಪಾಡ್‌ಗಳು. ಉದ್ದನೆಯ ಕತ್ತು, ಉದ್ದನೆಯ ಬಾಲ, ಕಂಬದಂಥ ನಾಲ್ಕು ಕಾಲು, ದೇಹಕ್ಕೆ ಹೋಲಿಸಿದರೆ ತೀರ ಚಿಕ್ಕ ತಲೆ ಇವುಗಳ ಗುರುತು. ಇವುಗಳ ಹಲ್ಲು ಚಮಚದಂತೆಯೋ ಕಡ್ಡಿಯಂತೆಯೋ ಇರುತ್ತಿತ್ತು. ಅವು ಎಲೆಯನ್ನು ತರಿಯಲು ಆಗುತ್ತಿದ್ದವೇ ಹೊರತು ಅಗಿಯಲು ಆಗುತ್ತಿರಲಿಲ್ಲ. ಅಗಿಯುವುದಿಲ್ಲ ಎಂದಾದರೆ ದವಡೆಗೆ ದಪ್ಪ ಸ್ನಾಯು ಬೇಡ, ತಲೆ ಹಗುರಾಗುತ್ತದೆ. ತಲೆ ಹಗುರಾದರೆ ಕತ್ತು ಉದ್ದ ಬೆಳೆಯಬಹುದು. ಕತ್ತು ಉದ್ದವಾದರೆ ನಿಂತಲ್ಲಿಯೇ ನಿಂತು ಸುತ್ತಲಿನ ಮೇವನ್ನೆಲ್ಲ ಬಾಚಬಹುದು. ಭಾರವಾದ ದೇಹವನ್ನು ಎಳೆದಾಡುವ ಖರ್ಚು ಉಳಿಯುತ್ತದೆ. ಕತ್ತಿನ ಮೂಳೆಗಳ ಒಳಗೆ ಹಕ್ಕಿಗಳ ಮೂಳೆಗಿರುವಂತೆ ಗಾಳಿಯ ಪೊಳ್ಳುಗಳಿದ್ದುದರಿಂದ ಅಷ್ಟು ಉದ್ದದ ಕತ್ತನ್ನು ಹೊರುವುದು ಸಾಧ್ಯವಾಯಿತು. ಹಲ್ಲು ಸವೆದರೆ ಚಿಂತೆಯಿಲ್ಲ, ಹೊಸದು ಬರುತ್ತಿತ್ತು. ಡಿಪ್ಲೊಡೋಕಸ್ ಎಂಬ ಸಾರೊಪಾಡ್‌ನಲ್ಲಿ ಸುಮಾರು 35 ದಿನಗಳಿಗೊಮ್ಮೆ ಹಲ್ಲು ಬದಲಾಗುತ್ತಿತ್ತೆಂದು ಅದರ ಹಲ್ಲಿನ ದಿನರೇಖೆಗಳನ್ನು ಎಣಿಸಿದ ವಿಜ್ಞಾನಿಗಳು 2013ರಲ್ಲಿ ತಿಳಿಸಿದರು.

ಅಗಿಯದ ಎಲೆ ಹೊಟ್ಟೆಯಲ್ಲಿ ಬಹುಕಾಲ ಕೊಳೆಯಬೇಕು. ಅದಕ್ಕೆ ದೊಡ್ಡ ಹೊಟ್ಟೆ, ದೊಡ್ಡ ಹೊಟ್ಟೆಗೆ ದೊಡ್ಡ ದೇಹ. ಇಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಪರಿಚಿತವಾದ ಒಂದು ನಿಯಮ ಕೆಲಸ ಮಾಡುತ್ತದೆ. ಪ್ರಾಣಿಯ ತೂಕ ಎರಡರಷ್ಟಾದರೆ ಅದರ ಹೊಟ್ಟೆಯ ಗಾತ್ರವೂ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಆದರೆ ಅದರ ದಿನದ ಶಕ್ತಿಯ ಖರ್ಚು ಸುಮಾರು 1.7ರಷ್ಟು ಮಾತ್ರ ಏರುತ್ತದೆ. ಗಾತ್ರ ಹೆಚ್ಚಿದಂತೆ ಪ್ರತಿ ಕಿಲೊ ದೇಹದ ನಿರ್ವಹಣೆ ಅಗ್ಗವಾಗುತ್ತ ಹೋಗುತ್ತದೆ. ದೊಡ್ಡ ಕಾರ್ಖಾನೆ ಕಡಿಮೆ ಲಾಭಾಂಶದಲ್ಲಿ ಬದುಕುವ ಬಗೆಯೇ ಇದು. 50 ಟನ್ನಿಗೂ ಮಿಕ್ಕಿ ತೂಗಿದ ಸಾರೊಪಾಡ್‌ಗಳು ಈ ಭೂಮಿಯಲ್ಲಿ ಇದ್ದವು. ಇವು ಅಗಿಯುತ್ತಿರಲಿಲ್ಲ ಎಂಬುದು ಬಹುಕಾಲ ಹಲ್ಲುಗಳನ್ನು ನೋಡಿ ಮಾಡಿದ ಊಹೆಯಾಗಿತ್ತು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ 2017ರಲ್ಲಿ ದೊರೆತ ಡಯಮಂಟಿನಾಸಾರಸ್ ಒಂದರ ಹೊಟ್ಟೆಯ ಭಾಗದಲ್ಲಿ ಕಲ್ಲಾಗಿ ಉಳಿದಿದ್ದ ಮೇವು ಅದಕ್ಕೆ ನೇರ ಸಾಕ್ಷ್ಯ ಒದಗಿಸಿತು. 2025ರಲ್ಲಿ ಪ್ರಕಟವಾದ ಅದರ ಅಧ್ಯಯನದ ಪ್ರಕಾರ ಎಲೆಗಳು ತರಿದಂತೆಯೇ ಇದ್ದವು, ಅಗಿದ ಗುರುತು ಬಹುತೇಕ ಇರಲಿಲ್ಲ. ಪೈನ್ ಜಾತಿಯ ಮರಗಳ ಸೊಪ್ಪಿನ ಜತೆಗೆ ಹೂ ಬಿಡುವ ಗಿಡಗಳ ಎಲೆಗಳೂ ಅದರಲ್ಲಿದ್ದವು. ಆ ಪ್ರಾಣಿ ಸಿಕ್ಕಿದ್ದನ್ನೆಲ್ಲ ಮೇಯುತ್ತಿತ್ತು.

ಅರೆದು ತಿನ್ನುವ ದಾರಿ ಹಿಡಿದವು ಬೇರೊಂದು ಬಳಗದವು. ಹ್ಯಾರಿ ಸೀಲಿ ಎಂಬ ಬ್ರಿಟಿಷ್ ವಿದ್ವಾಂಸ 1887ರಲ್ಲಿ ಸೊಂಟದ ಮೂಳೆಯ ಆಧಾರದ ಮೇಲೆ ಡೈನೊಸಾರ್‌ಗಳನ್ನು ಹಲ್ಲಿಯ ಸೊಂಟದವು, ಹಕ್ಕಿಯ ಸೊಂಟದವು ಎಂದು ಎರಡು ಭಾಗ ಮಾಡಿದ. ಸಾರೊಪಾಡ್‌ಗಳು ಮೊದಲ ಗುಂಪಿನವು. ಎರಡನೆಯ ಗುಂಪಿನವು ಬಹುಪಾಲು ಸಸ್ಯಾಹಾರಿಗಳೇ. ಇವುಗಳ ಸೊಂಟದ ಮುಂಭಾಗದ ಮೂಳೆ ಹಿಂದಕ್ಕೆ ವಾಲಿ ಹೊಟ್ಟೆಗೆ ಜಾಗ ಬಿಟ್ಟಿತ್ತು. ಬಾಯಿಯ ತುದಿಯಲ್ಲಿ ಕೊಕ್ಕು, ಒಳಗೆ ಅರೆಯುವ ಹಲ್ಲು. ಬಾತುಕೋಳಿಯಂಥ ಮೂತಿಯ ಹ್ಯಾಡ್ರೊಸಾರ್‌ಗಳ ದವಡೆಯಲ್ಲಿ ನೂರಾರು ಹಲ್ಲುಗಳು ಒಂದಕ್ಕೊಂದು ಅಂಟಿಕೊಂಡು ಬೀಸುಕಲ್ಲಿನಂಥ ಒಂದೇ ಮೇಲ್ಮೈ ಆಗಿದ್ದವು. ಟ್ರೈಸೆರಾಟಾಪ್ಸ್‌ನ ಹಲ್ಲುಗಳ ಸಾಲು ಕತ್ತರಿಯಂತೆ ಸೊಪ್ಪನ್ನು ತುಂಡರಿಸುತ್ತಿತ್ತು.

ಹೊಟ್ಟೆ ತುಂಬಿದ ಸಸ್ಯಾಹಾರಿ ವೇಗವಾಗಿ ಓಡಲಾರದು. ಆದ್ದರಿಂದ ರಕ್ಷಣೆಯ ವೆಚ್ಚವೂ ಅದರ ಲೆಕ್ಕಕ್ಕೆ ಸೇರುತ್ತದೆ. ಟ್ರೈಸೆರಾಟಾಪ್ಸ್‌ಗೆ ಮೂರು ಕೊಂಬು, ಸ್ಟೆಗೊಸಾರಸ್‌ನ ಬಾಲಕ್ಕೆ ಮುಳ್ಳು, ಆಂಕಿಲೊಸಾರ್‌ಗಳಿಗೆ ಮೈತುಂಬ ಮೂಳೆಯ ಕವಚ. ಸಾರೊಪಾಡ್‌ಗಳಿಗೆ ಗಾತ್ರವೇ ಕೋಟೆ. ಆದರೆ ಆ ಕೋಟೆ ಕಟ್ಟಲು ವರ್ಷಗಳು ಬೇಕು. ಭಾರತದಲ್ಲಿ ಸಿಕ್ಕ ಟೈಟನೊಸಾರ್ ಮೊಟ್ಟೆಗಳ ಅಡ್ಡಳತೆ ಸಾಮಾನ್ಯವಾಗಿ 15ರಿಂದ 17 ಸೆಂಟಿಮೀಟರ್ ಮಾತ್ರ. ಅಷ್ಟು ಚಿಕ್ಕ ಮೊಟ್ಟೆಯಿಂದ ಹೊರಬಂದ ಮರಿ ಬದುಕಿ ದೊಡ್ಡದಾಗುವುದು ಅದೃಷ್ಟದ ಮಾತು. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಗೂಡುಗಳನ್ನೂ 256 ಮೊಟ್ಟೆಗಳನ್ನೂ ಗುರುತಿಸಿದ ವರದಿ 2023ರ ಜನವರಿಯಲ್ಲಿ ಪ್ರಕಟವಾಯಿತು. ಹೆಚ್ಚು ಮೊಟ್ಟೆ ಇಟ್ಟು ನಷ್ಟವನ್ನು ತುಂಬಿಕೊಳ್ಳುವುದೇ ಆ ಸಂಸಾರದ ನೀತಿಯಾಗಿತ್ತು.

ಈಗ ಮಕ್ಕಳ ಚಿತ್ರಪಟದಲ್ಲಿ ಇಲ್ಲದ ಹೆಸರುಗಳಿಗೆ ಬರೋಣ. ಡೈನೊಸಾರ್ ಎಂಬ ಪದವನ್ನು ಇಂಗ್ಲೆಂಡಿನ ರಿಚರ್ಡ್ ಓವನ್ ಟಂಕಿಸಿದ್ದು 1842ರಲ್ಲಿ. ಅದಕ್ಕೆ 14 ವರ್ಷ ಮೊದಲೇ, 1828ರಲ್ಲಿ, ಜಬಲಪುರದ ಬಳಿ ವಿಲಿಯಂ ಸ್ಲೀಮನ್ ಎಂಬ ಅಧಿಕಾರಿ ಕಲ್ಲಾದ ಮೂಳೆಗಳನ್ನು ಎತ್ತಿಕೊಂಡಿದ್ದರು. ಥಗ್ಗರನ್ನು ಅಡಗಿಸಿದ ಸ್ಲೀಮನ್ ಇವರೇ. 1877ರಲ್ಲಿ ಲಿಡೆಕ್ಕರ್ ಜಬಲಪುರದ ಮೂಳೆಗಳಿಗೆ ಟೈಟನೊಸಾರಸ್ ಇಂಡಿಕಸ್ ಎಂಬ ಹೆಸರಿಟ್ಟರು. ಇಂದು ಜಗತ್ತಿನಾದ್ಯಂತ ಟೈಟನೊಸಾರ್ ಎಂದು ಕರೆಯುವ ದೊಡ್ಡ ಬಳಗಕ್ಕೆ ಹೆಸರು ಬಂದದ್ದು ಭಾರತದ ಈ ಮೂಳೆಗಳಿಂದ.

ಎಂ.ಎ. ತರಗತಿಯಲ್ಲಿ ನಾವು ಎರಡನೆಯ ಪಂಚವಾರ್ಷಿಕ ಯೋಜನೆಯ ಪಾಠದಲ್ಲಿ ಮಹಾಲನೋಬಿಸ್ ಮಾದರಿಯನ್ನು ಓದಿದೆವು. ಅದೇ ಮಹಾಲನೋಬಿಸ್ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯೇ ದೇಶದ ಅತ್ಯಂತ ಪ್ರಸಿದ್ಧ ಸಸ್ಯಾಹಾರಿ ಡೈನೊಸಾರ್ ಅನ್ನು ಅಗೆದು ತೆಗೆಯಿತೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಪ್ರಾಣಹಿತಾ–ಗೋದಾವರಿ ಕಣಿವೆಯಲ್ಲಿ, ಇಂದಿನ ತೆಲಂಗಾಣದಲ್ಲಿ, 1950ರ ದಶಕದ ಕೊನೆಯಿಂದ ನಡೆದ ಉತ್ಖನನದಲ್ಲಿ ಸುಮಾರು 300 ಮೂಳೆಗಳು ದೊರೆತವು. ತೊಡೆಯ ಮೂಳೆಯೊಂದೇ ಸುಮಾರು 1.7 ಮೀಟರ್ ಉದ್ದ. 1961 ಟ್ಯಾಗೋರರ ಜನ್ಮಶತಮಾನೋತ್ಸವದ ವರ್ಷ. 1975ರಲ್ಲಿ ವಿಧಿವತ್ತಾಗಿ ಪ್ರಕಟವಾದ ಹೆಸರು ಬರಪಾಸಾರಸ್ ಟಾಗೊರೈ. ‘ಬರಪಾ’ ಎಂದರೆ ಬಂಗಾಳಿಯಲ್ಲಿ ದೊಡ್ಡ ಕಾಲು. ಸುಮಾರು 14 ಮೀಟರ್ ಉದ್ದದ ಅದರ ಅಸ್ಥಿಪಂಜರ ಕೋಲ್ಕತ್ತದ ಆ ಸಂಸ್ಥೆಯಲ್ಲಿ ನಿಂತಿದೆ. ಇನ್ನೂ ಸಮೀಪದಲ್ಲಿ ನೋಡಬೇಕೆಂದರೆ ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿ ಅದೇ ಕಣಿವೆಯ ಕೋಟಾಸಾರಸ್ ಇದೆ. 2023ರಲ್ಲಿ ರಾಜಸ್ಥಾನದ ಜೈಸಲ್ಮೇರ್ ಬಳಿಯ 16.7 ಕೋಟಿ ವರ್ಷ ಹಳೆಯ ಥಾರೊಸಾರಸ್ ಇಂಡಿಕಸ್ ಈ ಪಟ್ಟಿಗೆ ಸೇರಿತು.

ಇವೆಲ್ಲಕ್ಕಿಂತ ಮಂಡ್ಯದವರಿಗೆ ಹತ್ತಿರವಾದ ಸಂಗತಿ ಇನ್ನೊಂದಿದೆ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಪಿಸ್ದುರಾ ಎಂಬ ಊರಿನ ಹೊಲಗಳಲ್ಲಿ ಕಲ್ಲಾದ ಲದ್ದಿ ಸಿಗುತ್ತದೆ. ಅಲ್ಲಿ ಹೇರಳವಾಗಿ ದೊರೆಯುವುದು ಟೈಟನೊಸಾರ್ ಮೂಳೆಗಳಾದ್ದರಿಂದ ಲದ್ದಿಯೂ ಅವುಗಳದ್ದೇ ಇರಬೇಕೆಂದು ವಿದ್ವಾಂಸರು ತರ್ಕಿಸುತ್ತಾರೆ. ಲಖನೌದ ಬೀರಬಲ್ ಸಾಹನಿ ಸಂಸ್ಥೆಯ ವಂದನಾ ಪ್ರಸಾದ್ ಮತ್ತು ಸಂಗಡಿಗರು ಆ ಲದ್ದಿಯನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಫಲಿತಾಂಶ ಜಗತ್ತಿನ ವಿಜ್ಞಾನಿಗಳನ್ನು ಬೆರಗುಗೊಳಿಸಿತು. ಅದರೊಳಗೆ ಹುಲ್ಲಿನ ಕುರುಹು ಇತ್ತು. ಡೈನೊಸಾರ್‌ಗಳು ಅಳಿದ ಮೇಲೆಯೇ ಹುಲ್ಲು ವೈವಿಧ್ಯ ಪಡೆಯಿತೆಂದು ಅಲ್ಲಿಯವರೆಗೆ ನಂಬಲಾಗಿತ್ತು. ಅದೇ ಪ್ರದೇಶದ ಸಾಕ್ಷ್ಯವನ್ನು ಮುಂದೆ ಪರಿಶೀಲಿಸಿ, ಭತ್ತದ ಕುಲಕ್ಕೆ ಸೇರಿದ ಹುಲ್ಲು ಆಗಲೇ ಇತ್ತೆಂದು 2011ರಲ್ಲಿ ಅವರು ತೋರಿಸಿದರು. ಆ ದೈತ್ಯರ ಮುಖ್ಯ ಆಹಾರ ಮರಗಿಡಗಳ ಸೊಪ್ಪೇ ಇದ್ದಿರಬೇಕು. ಆದರೆ ಹುಲ್ಲಿಗೂ ಅವು ಬಾಯಿ ಹಾಕುತ್ತಿದ್ದವು.

ಕೋಟ್ಯಂತರ ವರ್ಷಗಳ ನಂತರವೂ ಹುಲ್ಲು ಗುರುತು ಸಿಕ್ಕಿದ್ದು ಹೇಗೆ? ಹುಲ್ಲಿನ ಜಾತಿಯ ಗಿಡಗಳು ಮಣ್ಣಿನಿಂದ ಸಿಲಿಕಾವನ್ನು ಹೀರಿ, ಎಲೆಯೊಳಗೆ ಗಾಜಿನ ಕಣಗಳಂತೆ ಕೂಡಿಡುತ್ತವೆ. ಎಲೆ ಕೊಳೆತರೂ ಆ ಕಣ ಕೊಳೆಯದು, ಅದರ ಆಕಾರದಿಂದ ಹುಲ್ಲಿನ ಜಾತಿಯನ್ನು ಹೇಳಬಹುದು. ಕಬ್ಬಿನ ಗದ್ದೆಯಲ್ಲಿ ಸೋಗೆ ತಾಗಿ ಕೈ ಕೊಯ್ದುಕೊಂಡ ಪ್ರತಿಯೊಬ್ಬ ಕೂಲಿಯವನಿಗೂ ಆ ಗಾಜಿನ ಅನುಭವವಿದೆ. ಕಬ್ಬು ಹುಲ್ಲಿನ ಜಾತಿ, ಭತ್ತ ಹುಲ್ಲಿನ ಜಾತಿ, ರಾಗಿಯೂ ಹುಲ್ಲಿನ ಜಾತಿಯೇ. ವಿಶ್ವೇಶ್ವರಯ್ಯ ನಾಲೆಯ ನೀರು, 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿ, ವಿ.ಸಿ. ಫಾರಂನ ಭತ್ತದ ತಳಿ ಸಂಶೋಧನೆ ಎಂದು ಮಂಡ್ಯದ ಆರ್ಥಿಕ ಚರಿತ್ರೆಯನ್ನು ಬರೆಯಹೊರಟರೆ ಅದು ಮೂರು ಹುಲ್ಲುಗಳ ಚರಿತ್ರೆಯಾಗುತ್ತದೆ. ಆ ಹುಲ್ಲಿನ ಮನೆತನಕ್ಕೆ ಸಿಕ್ಕಿರುವ ಅತ್ಯಂತ ಹಳೆಯ ದಾಖಲೆಗಳಲ್ಲಿ ಒಂದು ಸಸ್ಯಾಹಾರಿ ಡೈನೊಸಾರ್‌ನ ಲದ್ದಿಯಲ್ಲಿದೆ. ಮಂಡ್ಯದ ಮಗುವಿಗೆ ಡೈನೊಸಾರ್ ಪಾಠವನ್ನು ಇಲ್ಲಿಂದ ಆರಂಭಿಸಬಾರದೇಕೆ?

ಅಂತ್ಯದ ಪಾಠವೂ ನಮ್ಮ ಸೀಮೆಯಲ್ಲಿಯೇ ಇದೆ. 6.6 ಕೋಟಿ ವರ್ಷಗಳ ಹಿಂದೆ ಮೆಕ್ಸಿಕೊದ ಬಳಿ ದೊಡ್ಡ ಕ್ಷುದ್ರಗ್ರಹವೊಂದು ಅಪ್ಪಳಿಸಿತು. ಎದ್ದ ಧೂಳು, ಮಸಿ ಸೂರ್ಯನ ಬೆಳಕನ್ನು ತಡೆದವು, ಗಿಡಮರಗಳ ಬೆಳವಣಿಗೆ ನಿಂತಿತು. ದಿನವೂ ರಾಶಿ ರಾಶಿ ಸೊಪ್ಪು ಬೇಕಾದ ದೇಹಗಳಿಗೆ ಕಾಯುವ ಶಕ್ತಿ ಇರಲಿಲ್ಲ. ಸಸ್ಯಾಹಾರಿಗಳು ಬಿದ್ದ ಮೇಲೆ ಅವುಗಳನ್ನು ತಿಂದು ಬದುಕುತ್ತಿದ್ದವೂ ಬಿದ್ದವು. ಉಳಿದುಕೊಂಡ ಡೈನೊಸಾರ್ ವಂಶ ಒಂದೇ, ಅದು ಹಕ್ಕಿಗಳದ್ದು. ವಿಚಿತ್ರವೆಂದರೆ ಹಕ್ಕಿಗಳು ಬಂದದ್ದು ಹಕ್ಕಿಯ ಸೊಂಟದ ಸಸ್ಯಾಹಾರಿಗಳಿಂದಲ್ಲ. ಹಲ್ಲಿಯ ಸೊಂಟದ ಗುಂಪಿನಲ್ಲಿದ್ದ ಎರಡು ಕಾಲಿನ ಬೇಟೆಗಾರರ ಕವಲಿನಿಂದ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಮರಗಳ ಮೇಲೆ ಗೂಡು ಕಟ್ಟುವ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಆ ವಂಶದ ಕುಡಿಗಳು. ಸಸ್ಯಾಹಾರಿ ದೈತ್ಯರ ಕುಡಿ ಮಾತ್ರ ಎಲ್ಲಿಯೂ ಉಳಿಯಲಿಲ್ಲ. ಅವುಗಳ ಬಗ್ಗೆ ನಮಗೆ ತಿಳಿಯುವುದೆಲ್ಲ ಕಲ್ಲಿನಿಂದಲೇ.

ಆದ್ದರಿಂದಲೇ ಆ ಕಲ್ಲುಗಳ ಪಾಡು ಏನಾಗುತ್ತದೆಂಬುದು ಸಣ್ಣ ವಿಷಯವಲ್ಲ. ನೌಕರಿಯಲ್ಲಿದ್ದಾಗ ಕಲ್ಲು ಗಣಿಯ ಕಡತಗಳು ನನ್ನ ಮೇಜಿನ ಮೇಲೆ ಬರುತ್ತಿದ್ದವು. ಅವುಗಳಲ್ಲಿ ಕಲ್ಲಿಗೆ ಘನಮೀಟರ್ ಲೆಕ್ಕವಿತ್ತು, ರಾಜಧನದ ದರವಿತ್ತು. ವಯಸ್ಸನ್ನು ಬರೆಯುವ ಕಲಂ ಇರಲಿಲ್ಲ. ಪಳೆಯುಳಿಕೆ ಇರುವ ಜಿಲ್ಲೆಗಳಲ್ಲಿ ಈ ಅಜ್ಞಾನದ ಬೆಲೆ ಇನ್ನೂ ಹೆಚ್ಚು. ಧಾರ್ ಜಿಲ್ಲೆಯ ಪಾಡಲ್ಯಾ ಗ್ರಾಮದ ರೈತರು ಹೊಲದಲ್ಲಿ ಸಿಕ್ಕ ದುಂಡು ಕಲ್ಲುಗಳನ್ನು ಬೆಳೆ ಕಾಯುವ ‘ಕಾಕರ್ ಭೈರವ’ ಎಂದು ಪೂಜಿಸುತ್ತಿದ್ದರು. ಅವು ಟೈಟನೊಸಾರ್ ಮೊಟ್ಟೆಗಳೆಂದು 2023ರ ಡಿಸೆಂಬರ್‌ನಲ್ಲಿ ಸುದ್ದಿಯಾಯಿತು. ಪೂಜೆಯಿಂದಾಗಿ ಅವು ಉಳಿದವು. ಹಾಗೆ ಪೂಜೆಗೆ ಸಿಗದ ಕಲ್ಲುಗಳು ರಸ್ತೆಗೆ, ತಡೆಗೋಡೆಗೆ ಸೇರಿಹೋದರೆ ಕೇಳುವವರಿಲ್ಲ. ಭೂವೈಜ್ಞಾನಿಕ ಪರಂಪರೆಯ ತಾಣಗಳ ರಕ್ಷಣೆಗೆ ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಮಸೂದೆಯ ಕರಡನ್ನು ಸಾರ್ವಜನಿಕರ ಮುಂದಿಟ್ಟಿತು. ಕಾನೂನಿನ ಮಹತ್ವವನ್ನು ನಾನು ಅಲ್ಲಗಳೆಯಲಾರೆ. ಆದರೆ ಯಾವ ಕಾನೂನಾದರೂ ಹೊಲದ ಬದುವಿನ ಮೇಲೆ ನಿಂತು ಕಾವಲು ಕಾಯದು ಎಂಬುದು ನೌಕರಿಯ ಅನುಭವ ಕಲಿಸಿದ ಪಾಠ.

ಕೊಕ್ಕರೆ ಬೆಳ್ಳೂರನ್ನೇ ನೋಡಿ. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಅದಕ್ಕಿಂತ ಬಹಳ ಮೊದಲೇ ಊರಿನವರು, ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸಿ, ಆ ಹಕ್ಕಿಗಳನ್ನು ಕಾಪಾಡಿಕೊಂಡು ಬಂದಿದ್ದರು. ಸರ್ಕಾರದ ಆದೇಶ ಜನರ ನಡತೆಯನ್ನು ಹಿಂಬಾಲಿಸಿತು. ತಮ್ಮದೆಂದು ಅರಿತದ್ದನ್ನು ಜನ ಉಳಿಸಿಕೊಳ್ಳುತ್ತಾರೆ. ಪರದೇಶದ ಆಟಿಕೆ ಎಂದುಕೊಂಡದ್ದನ್ನು ಯಾರೂ ಉಳಿಸುವುದಿಲ್ಲ.

ಹೆಚ್ಚು ಹಣ ಬೇಡದ ಕೆಲವು ಕೆಲಸಗಳನ್ನು ಕೂಡಲೇ ಮಾಡಬಹುದು. ಡೈನೊಸಾರ್ ಪಾಠದಲ್ಲಿ ಟ್ರೈಸೆರಾಟಾಪ್ಸ್ ಪಕ್ಕದಲ್ಲಿ ಬರಪಾಸಾರಸ್ ಮತ್ತು ಪಿಸ್ದುರಾದ ಲದ್ದಿಯ ಕಥೆ ಸೇರಲಿ. ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳ ವಂಶವನ್ನು ಸರಳ ಕನ್ನಡದಲ್ಲಿ ತಿಳಿಸುವ ಒಂದು ಫಲಕ ನಿಲ್ಲಲಿ. ಹೈದರಾಬಾದಿಗೆ ಶೈಕ್ಷಣಿಕ ಪ್ರವಾಸ ಹೋಗುವ ಶಾಲೆಗಳು ಚಾರ್‌ಮಿನಾರ್ ನೋಡಿದ ಮೇಲೆ ಒಂದು ಗಂಟೆಯನ್ನು ಕೋಟಾಸಾರಸ್‌ಗೆ ಕೊಡಲಿ. ಶಿಕ್ಷಕರು ಆ ದಿನದ ತರಗತಿಯನ್ನು ಕೊಟ್ಟಿಗೆಯಲ್ಲಿ ಆರಂಭಿಸಲಿ: ಹಸುವಿನ ಬಾಯಿ ಎಷ್ಟು ಹೊತ್ತು ಆಡುತ್ತದೆಂದು ಮಕ್ಕಳು ಗಡಿಯಾರ ಹಿಡಿದು ಲೆಕ್ಕ ಹಾಕಲಿ, ಆಮೇಲೆ ಬಾಯಿ ಆಡಿಸದೆಯೇ ಬದುಕಿದ 14 ಮೀಟರ್ ಉದ್ದದ ಪ್ರಾಣಿಯ ಚಿತ್ರವನ್ನು ಅವರ ಮುಂದಿಡಲಿ. ಹೇಗೆ ಬದುಕಿತು ಎಂಬ ಪ್ರಶ್ನೆಯನ್ನು ಆಗ ಮಕ್ಕಳೇ ಕೇಳುತ್ತಾರೆ.